ಬೂಷ್ಟು ಹಿಡಿದ ಲೆನ್ಸ್ ಮತ್ತು ಅಪ್ಪದ ಕಾವಲಿ

(ಮಾಟುಂಗದಲ್ಲಿ ಒಂದು ಭಾನುವಾರ ಸಂಜೆ ಕನ್ನಡದ ಗೆಳೆಯರ ಮುಂದೆ ಆಡಿದ ಮಾತು. ಅಂದು ಮೇಜಿನ ಮೇಲೆ ಒಂದು ಲೆನ್ಸ್ ಬಿಚ್ಚಿ ತೋರಿಸಿದ್ದೆ. ಹಿಂದಿನ ಸಾಲಿನವರಿಗೆ ಏನೂ ಕಾಣಲಿಲ್ಲ ಎಂಬ ದೂರು ಬಂತು. ಹಾಗಾಗಿ ಆ ಭಾಗವನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಈ ಲೆನ್ಸನ್ನು ಕೈಯಿಂದ ಕೈಗೆ ದಾಟಿಸಿ. ಗಾಜಿಗೆ ಬೆರಳು ತಾಗಿದರೆ ಪರವಾಗಿಲ್ಲ, ಹೇಗೂ ಇವತ್ತು ತೊಳೆಯುವುದೇ. ಮೊದಲು ಸುಮ್ನೆ ಟ್ಯೂಬ್‌ಲೈಟ್ ಕಡೆ ಹಿಡಿದು ನೋಡಿ. ಚೆನ್ನಾಗಿದೆ ಅಲ್ವಾ? ಈಗ ಮೊಬೈಲ್ ಟಾರ್ಚ್ ಹಾಕಿ. ಲೆನ್ಸಿನ ಹಿಂದಿನಿಂದ ಬೆಳಕು ಬಿಡಿ. ನೇರವಾಗಿ ಬೇಡ, ಓರೆಯಾಗಿ. ಕಂಡಿತಾ? ಅಂಚಿನಿಂದ ನಡುವಿಗೆ ಹರಿದ ಬಿಳಿ ಎಳೆಗಳು. ಅದೇ ಬೂಷ್ಟು. ಕ್ಯಾಮೆರಾ ಅಂಗಡಿಯವರು ಫಂಗಸ್ ಅನ್ನುತ್ತಾರೆ. ಉಪ್ಪಿನಕಾಯಿ ಜಾಡಿಯಲ್ಲಿ ಬರುತ್ತದಲ್ಲ, ಅದರ ದಾಯಾದಿ.

ಇದು ಜಪಾನಿನ ನಿಕಾನ್ ಕಂಪನಿಯ ಎಲ್-ನಿಕ್ಕೋರ್, 50 ಮಿ.ಮೀ., ಎಫ್ 4 (ಎಫ್ ಅಂದರೆ ಬೆಳಕು ಬಿಡುವ ಕಿಂಡಿಯ ಅಳತೆ). ಕ್ಯಾಮೆರಾದ ಲೆನ್ಸ್ ಅಲ್ಲ, ಎನ್‌ಲಾರ್ಜರ್‌ನದು. ಇಲ್ಲಿರುವ ಮಕ್ಕಳಿಗಾಗಿ ಒಂದು ಮಾತು. ಎನ್‌ಲಾರ್ಜರ್ ಅಂದರೆ ತಲೆಕೆಳಗಾಗಿ ನಿಂತ ಪ್ರೊಜೆಕ್ಟರ್ ಅಂದುಕೊಳ್ಳಿ. ಮೇಲೆ ಬಲ್ಬ್, ಅದರ ಕೆಳಗೆ ನೆಗೆಟಿವ್ (ಕಪ್ಪು ಬಿಳುಪು ಅದಲುಬದಲಾಗಿ ಮೂಡಿದ ಫಿಲ್ಮ್), ಅದರ ಕೆಳಗೆ ಲೆನ್ಸ್. ಕತ್ತಲ ಕೋಣೆಯಲ್ಲಿ ನೆಗೆಟಿವ್‌ನ ಚಿತ್ರ ದೊಡ್ಡದಾಗಿ ಕೆಳಗಿನ ಪೇಪರಿನ ಮೇಲೆ ಬೀಳುತ್ತದೆ. ನಮ್ಮ ಮನೆಗಳಲ್ಲಿ ಗೋಡೆಗೆ ತೂಗು ಹಾಕಿದ ಕಪ್ಪು ಬಿಳುಪು ಫೋಟೋಗಳಿವೆಯಲ್ಲ, ಅವೆಲ್ಲ ಇಂಥ ಒಂದು ಲೆನ್ಸಿನ ಮೂಲಕ ಇಳಿದು ಬಂದವು. ಕ್ಯಾಮೆರಾದ ಲೆನ್ಸಿಗೆ ಸಿಕ್ಕಷ್ಟು ಮರ್ಯಾದೆ ಇದಕ್ಕೆ ಯಾವತ್ತೂ ಸಿಗಲಿಲ್ಲ.

ನನಗೆ ಈ ಹುಚ್ಚು ಹತ್ತಿದ್ದು ದೊಡ್ಡಪ್ಪನ ಪೆಟ್ಟಿಗೆಯಿಂದ. ಅವರು ಕುಂದಾಪುರ ಕಡೆಯಿಂದ 14ನೇ ವಯಸ್ಸಿಗೆ ಮುಂಬಯಿಗೆ ಬಂದವರು. ಇದೇ ಮಾಟುಂಗದ ಒಂದು ಹೋಟೆಲಿನಲ್ಲಿ ಲೋಟ ತೊಳೆದರು. ರಾತ್ರಿ ಶಾಲೆಗೆ ಹೋದರು. ಆಮೇಲೆ ಸ್ಟುಡಿಯೋ ಒಂದರಲ್ಲಿ ಕೈಯಾಳಾಗಿ ಸೇರಿ, ಕೊನೆಗೆ ಘಾಟ್‌ಕೋಪರ್‌ನಲ್ಲಿ ತಮ್ಮದೇ ಸಣ್ಣ ಸ್ಟುಡಿಯೋ ಇಟ್ಟರು. ಡಾರ್ಕ್‌ರೂಮ್ ಅಂದರೆ ಮನೆಯ ಮೋರಿ, ಮುಂಬಯಿ ಮನೆಗಳಲ್ಲಿ ಪಾತ್ರೆ ತೊಳೆಯುವ ಮೂಲೆ. ನೀರಿನ ಡ್ರಮ್ಮಿನ ಮೇಲೆ ಹಲಗೆ, ಹಲಗೆಯ ಮೇಲೆ ಎನ್‌ಲಾರ್ಜರ್, ಮೇಲೆ ಕೆಂಪು ಬಲ್ಬ್. ದೊಡ್ಡಮ್ಮ ಪಾತ್ರೆ ತೊಳೆಯುವುದು ಮುಗಿದ ಮೇಲೆ ಇವರ ತೊಳೆಯುವ ಕೆಲಸ ಶುರು.

ಡಿಜಿಟಲ್ ಬಂದ ಮೇಲೆ ಸ್ಟುಡಿಯೋ ಮುಚ್ಚಿದರು. ಸಾಮಾನಿನ ಟ್ರಂಕು ಕಲೀನಾದ ನಮ್ಮ ಮನೆಗೆ ಬಂತು. ನೆಲಮಹಡಿ ಮನೆ. 2005ರ ಜುಲೈ 26 ಇಲ್ಲಿ ಯಾರಿಗೆ ಮರೆತಿದೆ? ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿ.ಮೀ. ಮಳೆ. ಸೊಂಟದವರೆಗೆ ನೀರು. ಆಮೇಲೆ ನಾವು ಹಾಸಿಗೆ ಒಣಗಿಸಿದೆವು, ಬ್ಯಾಂಕಿನ ಪಾಸ್‌ಬುಕ್ ಒಣಗಿಸಿದೆವು, ಮಗಳ ಪಠ್ಯಪುಸ್ತಕಕ್ಕೆ ಇಸ್ತ್ರಿ ಹಾಕಿದೆವು. ಮಂಚದ ಕೆಳಗಿನ ಟ್ರಂಕು ನೆನಪಾದದ್ದು ದೀಪಾವಳಿಗೆ ಮನೆ ಗುಡಿಸುವಾಗ.

ತೆಗೆದಾಗ ಚರ್ಮದ ಕೇಸಿನ ಮೇಲೆ ಹಸಿರು ಕೂದಲು ಬೆಳೆದಿತ್ತು. ಒಳಗೆ ಎರಡು ಎನ್‌ಲಾರ್ಜರ್ ಲೆನ್ಸ್. ಒಂದು ಇದೇ ಮಾದರಿಯ 50 ಮಿ.ಮೀ., ಇನ್ನೊಂದು 75 ಮಿ.ಮೀ. ದೊಡ್ಡಪ್ಪನಿಗೆ ತೋರಿಸಿದೆ. ಅವರು ಒಂದು ಸಲ ಬೆಳಕಿಗೆ ಹಿಡಿದು ನೋಡಿ, "ಬಿಸಾಡು ಮಾರಾಯ, ಗಾಜಿಗೆ ಹತ್ತಿದ ಬೂಷ್ಟು ಹೋಗುದಿಲ್ಲ" ಅಂದರು.

ಅವರ ಮಾತು ಅರ್ಧ ನಿಜ. ಬೂಷ್ಟು ಹೋಗುತ್ತದೆ. ಅದು ಮಾಡಿಟ್ಟ ಗಾಯ ಹೋಗುವುದಿಲ್ಲ.

ಬೂಷ್ಟು ಗಾಜನ್ನು ತಿನ್ನುವುದಿಲ್ಲ. ತಿನ್ನುವುದು ಗಾಜಿನ ಮೇಲೆ ಕೂತ ಧೂಳನ್ನು, ಬಟ್ಟೆಯ ನೂಲನ್ನು, ಗ್ರೀಸಿನ ಜಿಡ್ಡನ್ನು. ಆದರೆ ತಿಂದು ಸುಮ್ನೆ ಕೂರುವುದಿಲ್ಲ, ಆಮ್ಲ ಬಿಡುತ್ತದೆ. ಆ ಆಮ್ಲ ಮೊದಲು ಗಾಜಿನ ಮೇಲಿನ ತೆಳು ಪದರವಾದ ಕೋಟಿಂಗನ್ನು, ಆಮೇಲೆ ಗಾಜನ್ನೇ ಕೊರೆಯುತ್ತದೆ. ಗಾಳಿಯ ತೇವ ಶೇಕಡಾ 70 ದಾಟಿ ಕೆಲವು ದಿನ ಹಾಗೇ ನಿಂತರೆ ಸಾಕು. ಜೊತೆಗೆ ಕತ್ತಲು ಬೇಕು, ಗಾಳಿ ಆಡಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮುಂಬಯಿಯ ಯಾವ ಕಪಾಟು ಬೇಕಾದರೂ ಇದಕ್ಕೆ ಸರಿಹೊಂದುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಆ ಚೆಂದದ ಚರ್ಮದ ಕೇಸು. ತೇವ ಹೀರಿ ಹಿಡಿದಿಟ್ಟುಕೊಳ್ಳುವುದು ಅದರ ಗುಣ. ಮಳೆಗಾಲದಲ್ಲಿ ಲೆನ್ಸನ್ನು ಚರ್ಮದ ಕೇಸಿನಲ್ಲಿಡುವುದೂ ಒದ್ದೆ ಟವಲಿನಲ್ಲಿ ಸುತ್ತಿಡುವುದೂ ಒಂದೇ.

ಬೂಷ್ಟು ಹಿಡಿದ ಲೆನ್ಸ್ ಪಕ್ಕದಲ್ಲಿದ್ದರೆ ಒಳ್ಳೆಯದಕ್ಕೂ ಅಂಟುತ್ತದೆ ಎಂದು ಹೆದರುವವರಿದ್ದಾರೆ. ಬೂಷ್ಟಿನ ಬೀಜ ಈ ಕೋಣೆಯ ಗಾಳಿಯಲ್ಲೂ ಇದೆ, ನನ್ನ ಅಂಗಿಯ ಮೇಲೂ ಇದೆ. ಮೊಳೆಯಲು ತೇವ ಸಿಕ್ಕಿತೋ ಇಲ್ಲವೋ ಎಂಬುದೇ ಮುಖ್ಯ. ಇಷ್ಟು ಗೊತ್ತಿದ್ದೂ ನಾನು ಹೊಸದಾಗಿ ತಂದ ಹಳೆ ಲೆನ್ಸನ್ನು ತೊಳೆಯುವ ತನಕ ಬೇರೆ ಡಬ್ಬದಲ್ಲೇ ಇಡುತ್ತೇನೆ. ಮಡಿ ಅನ್ನಿ ಬೇಕಾದರೆ.

ಈಗ ಆ 75 ಮಿ.ಮೀ. ಲೆನ್ಸಿನ ಕಥೆ. ನಾನು ಅದನ್ನು ರಿಪೇರಿಯವರ ಹತ್ತಿರ ಕೊಟ್ಟೆ. ಯಾವ ಅಂಗಡಿ ಅನ್ನುವುದು ಬೇಡ. ವಾರ ಬಿಟ್ಟು ಹೋದರೆ ಲೆನ್ಸ್ ಫಳಫಳ ಹೊಳೆಯುತ್ತಿತ್ತು. ಬೂಷ್ಟಿನ ಒಂದು ಎಳೆಯೂ ಇಲ್ಲ. ಖುಷಿಯಿಂದ ದುಡ್ಡು ಕೊಟ್ಟು ಮನೆಗೆ ಬಂದೆ. ದೊಡ್ಡಪ್ಪ ಟ್ಯೂಬ್‌ಲೈಟ್ ಕೆಳಗೆ ಹಿಡಿದು ವಾಲಿಸಿ ನೋಡಿದರು. "ಇದರ ನೀಲಿ ಎಲ್ಲಿ ಹೋಯ್ತು?" ಅಂದರು.

ಕೋಟಿಂಗ್ ಇರುವ ಗಾಜಿನಲ್ಲಿ ಬೆಳಕಿನ ಪ್ರತಿಬಿಂಬ ನೀಲಿಯೋ ನೇರಳೆಯೋ ಆಗಿ ಕಾಣುತ್ತದೆ. ನನ್ನದರಲ್ಲಿ ಟ್ಯೂಬ್‌ಲೈಟ್ ಬೆಳ್ಳಗೆ ಕಾಣುತ್ತಿತ್ತು. ಬೂಷ್ಟು ಹೋಗಲಿ ಎಂದು ಪಾಲಿಶ್ ಹಾಕಿ ಉಜ್ಜಿ, ಕೋಟಿಂಗನ್ನೇ ಎತ್ತಿಬಿಟ್ಟಿದ್ದರು. ಅದು ಚಂದಕ್ಕೆ ಹಚ್ಚಿದ ಬಣ್ಣವಲ್ಲ. ಬರೀ ಗಾಜು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇಕಡಾ 4ರಷ್ಟನ್ನು ವಾಪಸು ಎಸೆಯುತ್ತದೆ. ಗಾಳಿಗೆ ತಾಗುವ ಇಂಥ 6 ಮುಖಗಳಿದ್ದರೆ ಲೆಕ್ಕ ಹಾಕಿ, ಐದರಲ್ಲಿ ಒಂದು ಪಾಲು ಬೆಳಕು ದಾರಿಯಲ್ಲೇ ಹೋಯಿತು. ಹೋದದ್ದು ಹೋಗಲಿ ಅಂದರೆ, ಅದು ಒಳಗೊಳಗೇ ಪುಟಿದು ಚಿತ್ರದ ಮೇಲೆ ತೆಳ್ಳಗೆ ಪೊರೆ ಹರಡುತ್ತದೆ. ಇದನ್ನು ತಡೆಯಲು ಜರ್ಮನಿಯ ಜೈಸ್ ಎಂಬ ಲೆನ್ಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ 1935ರಲ್ಲಿ ಕೋಟಿಂಗ್ ಕಂಡುಹಿಡಿದರು. ಬೆಳಕಿನ ಅಲೆಯ ಕಾಲು ಭಾಗದಷ್ಟು ದಪ್ಪದ ಪದರ ಅದು. ಅದಕ್ಕೆ ಪಾಲಿಶ್ ಹಾಕುವುದೆಂದರೆ ಈರುಳ್ಳಿ ಸಿಪ್ಪೆಗೆ ಉಳಿ ಹಾಕಿದ ಹಾಗೆ.

ಆವತ್ತು ತೀರ್ಮಾನ ಮಾಡಿದೆ. ಹಾಳಾಗುವುದಿದ್ದರೆ ನನ್ನ ಕೈಯಲ್ಲೇ ಹಾಳಾಗಲಿ.

ಆದರೆ ಬಿಚ್ಚುವ ಮೊದಲು ಬಿಚ್ಚಬೇಕೋ ಬೇಡವೋ ನೋಡಬೇಕು. ಇವತ್ತು ನಾನು ಹೇಳಬೇಕೆಂದು ಬಂದದ್ದು ಮುಖ್ಯವಾಗಿ ಇದನ್ನೇ. ಕಣ್ಣಿಗೆ ಕೊಳೆ ಕಂಡಿತು ಎಂದು ಲೆನ್ಸ್ ಬಿಚ್ಚಬಾರದು. ಚಿತ್ರದಲ್ಲಿ ಕಂಡರೆ ಮಾತ್ರ ಬಿಚ್ಚಬೇಕು. ನಂಬಿಕೆ ಬರದಿದ್ದರೆ ಮನೆಯಲ್ಲಿ ಒಂದು ಪರೀಕ್ಷೆ ಮಾಡಿ. ಸಾಸಿವೆ ಕಾಳಿನಷ್ಟು ಕಾಗದದ ಚೂರನ್ನು 50 ಮಿ.ಮೀ. ಲೆನ್ಸಿನ ಮುಂದಿನ ಗಾಜಿಗೆ ಅಂಟಿಸಿ, ಎಫ್ 2.8ರಲ್ಲಿ ಒಂದು ಫೋಟೋ ತೆಗೆಯಿರಿ. ಆ ಚೂರು ಚಿತ್ರದಲ್ಲಿ ಎಲ್ಲೂ ಕಾಣುವುದಿಲ್ಲ. ಹಾಗಿದ್ದ ಮೇಲೆ ಒಳಗಿನ ನಾಲ್ಕು ಧೂಳಿನ ಕಣಕ್ಕೆ ಯಾಕೆ ನಿದ್ದೆಗೆಡಬೇಕು? ಮುಂದಿನ ಗಾಜಿನ ಒಂದು ಗೀರೂ ಅಷ್ಟೇ. ಹಿಂದಿನ ಗಾಜಿನದಾದರೆ ಸ್ವಲ್ಪ ಜಾಸ್ತಿ ತೊಂದರೆ.

ನಿಜವಾಗಿ ಕೆಡಿಸುವುದು ಮಂಜು. ಇಡೀ ಗಾಜಿನ ಮೇಲೆ ತೆಳ್ಳಗೆ ಹರಡಿದ ಮಬ್ಬು. ಹಳೆ ಗ್ರೀಸಿನ ಎಣ್ಣೆ ಆವಿಯಾಗಿ ಒಳಗಿನ ಗಾಜಿನ ಮೇಲೆ ಕೂರುವುದರಿಂದ ಬರುತ್ತದೆ. ಕ್ಯಾಮೆರಾ ಲೆನ್ಸ್ ಮಂಜಾದರೆ ಬೆಳಕು ಚೆದುರಿ ನೆರಳಿನ ಜಾಗಕ್ಕೆ ಸೋರುತ್ತದೆ. ಕಪ್ಪು ಕೂದಲು ಬೂದಿ ಬಣ್ಣಕ್ಕೆ ತಿರುಗುತ್ತದೆ. ಎನ್‌ಲಾರ್ಜರ್‌ನಲ್ಲಿ ಇದೇ ಉಲ್ಟಾ. ನೆಗೆಟಿವ್‌ನಲ್ಲಿ ನೆರಳು ತಿಳಿ, ಬೆಳಕು ಕಪ್ಪು. ಆ ತಿಳಿ ಜಾಗದಿಂದ ನುಗ್ಗಿದ ಬೆಳಕು ಚೆದುರಿ, ಪೇಪರಿನ ಮೇಲೆ ಬೆಳ್ಳಗೆ ಉಳಿಯಬೇಕಾದ ಕಡೆ ಬೀಳುತ್ತದೆ. ಅಂದರೆ ಕ್ಯಾಮೆರಾದ ಮಂಜು ಕಪ್ಪನ್ನು ಕೆಡಿಸುತ್ತದೆ, ಎನ್‌ಲಾರ್ಜರ್‌ನ ಮಂಜು ಬಿಳಿಯನ್ನು ಕೆಡಿಸುತ್ತದೆ.

ಇದು ಅರ್ಥವಾದ ದಿನ ನನಗೆ ದೊಡ್ಡಪ್ಪನ ಕೊನೆಯ ವರ್ಷಗಳ ಮದುವೆ ಫೋಟೋಗಳು ನೆನಪಾದವು. ಮದುಮಗಳ ಜಡೆಯ ಮಲ್ಲಿಗೆ ದಂಡೆ ಎಲ್ಲದರಲ್ಲೂ ಬಾಡಿದಂತೆ, ಬೂದು ಬೂದಾಗಿ ಬರುತ್ತಿತ್ತು. ಅವರು ಪೇಪರನ್ನು ಬೈಯುತ್ತಿದ್ದರು, ಚಿತ್ರ ಮೂಡಿಸುವ ದ್ರಾವಣವಾದ ಡೆವಲಪರನ್ನು ಬೈಯುತ್ತಿದ್ದರು. ಎನ್‌ಲಾರ್ಜರ್ ತಲೆಯೊಳಗೆ ಮೂವತ್ತು ವರ್ಷ ಬಲ್ಬಿನ ಬಿಸಿ ತಿಂದ ಲೆನ್ಸನ್ನು ಒಂದು ದಿನವೂ ಕೆಳಗಿಳಿಸಿ ನೋಡಿರಲಿಲ್ಲ. ನೋಡಬೇಕು ಅಂತ ಯಾರಿಗೂ ಹೊಳೆಯುವುದಿಲ್ಲ. ಅದು ಕಣ್ಣಿಗಿಂತ ಮೇಲೆ, ಕತ್ತಲಲ್ಲಿ ಇರುತ್ತದೆ.

ಸರಿ, ಸಾಮಾನು. ಇಷ್ಟು ಜನ ನೋಟ್ ಬರೆದುಕೊಳ್ಳುತ್ತಿದ್ದೀರಿ, ಆದರೆ ಪಟ್ಟಿ ದೊಡ್ಡದಿಲ್ಲ. ಜಪಾನಿ ಲೆನ್ಸಿಗೆ ಜಪಾನಿ ಸ್ಕ್ರೂಡ್ರೈವರ್ ಬೇಕು. ನಮ್ಮಲ್ಲಿ ಪ್ಲಸ್ ತಲೆಯ ಸ್ಕ್ರೂಗಳಿಗೆಲ್ಲ ಫಿಲಿಪ್ಸ್ ಅನ್ನುತ್ತಾರೆ (ಬಲ್ಬಿನ ಫಿಲಿಪ್ಸ್ ಅಲ್ಲ, ಅದು ಹೆನ್ರಿ ಫಿಲಿಪ್ಸ್ ಎಂಬ ಅಮೆರಿಕನ್ನರ ಹೆಸರು). ಜಪಾನಿನದು ಜೆಐಎಸ್ ಎಂಬ ಬೇರೆ ಅಳತೆ. ನೋಡಲು ಒಂದೇ ಥರ. ಫಿಲಿಪ್ಸ್ ಹಾಕಿ ಒತ್ತಿದರೆ ಜಾರಿ ತಲೆ ಸವೆಯುತ್ತದೆ. ಆಮೇಲೆ ಆ ಸ್ಕ್ರೂ ದೇವರು ಬಂದರೂ ತಿರುಗುವುದಿಲ್ಲ. ಲ್ಯಾಮಿಂಗ್ಟನ್ ರೋಡಿನಲ್ಲಿ ಹುಡುಕಿದರೆ ಸಿಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಕೂಡ ಅಲ್ಲೇ. ಎರಡು ಕಚ್ಚು ಇರುವ ರಿಂಗ್ ತಿರುಗಿಸಲು ಲೆನ್ಸ್ ಸ್ಪ್ಯಾನರ್ ಬೇಕು. ಲೆನ್ಸಿನ ಹೆಸರು ಕೆತ್ತಿದ, ಕಚ್ಚಿಲ್ಲದ ರಿಂಗಿಗೆ ಊರುಗೋಲಿನ ತುದಿಯ ರಬ್ಬರ್ ಬೂಟು ಸಾಕು. ಮೆಡಿಕಲ್ ಸ್ಟೋರಿನಲ್ಲಿ ಐದಾರು ಅಳತೆಯವು ಸಿಗುತ್ತವೆ. ರಿಂಗಿಗೆ ಒತ್ತಿ ತಿರುಗಿಸಿದರೆ ಹಿಡಿದುಕೊಳ್ಳುತ್ತದೆ, ಗಾಜಿಗೆ ತಾಗುವುದಿಲ್ಲ. ನಾನು ಕೊಳ್ಳುವಾಗ ಅಂಗಡಿಯವನು "ಯಾರಿಗೆ ಕಾಲು ನೋವು?" ಅಂತ ಕೇಳಿದ್ದ.

ಅದೇ ಮೆಡಿಕಲ್‌ನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ತೆಗೆದುಕೊಳ್ಳಿ. ನಮ್ಮಲ್ಲಿ ಸಿಗುವುದು ಸಾಮಾನ್ಯವಾಗಿ ಶೇಕಡಾ 6ರದು. ಅಷ್ಟೇ ನೀರು ಬೆರೆಸಿದರೆ 3 ಆಗುತ್ತದೆ. ಅದಕ್ಕೆ ಸಮ ಪಾಲು ಮನೆ ಬಳಕೆಯ ಅಮೋನಿಯಾ. ಇದು ಬೂಷ್ಟಿನ ಮದ್ದು. ಕಿಟಕಿ ತೆಗೆದಿಡಿ, ಕೈಗವಸು ಹಾಕಿ, ಬೇಕಾದಷ್ಟೇ ಬೆರೆಸಿ. ಬೆರೆಸಿದ್ದನ್ನು ಬಾಟಲಿಯಲ್ಲಿ ಮುಚ್ಚಿಡಬೇಡಿ, ಗ್ಯಾಸ್ ತುಂಬಿ ಸಿಡಿಯಬಹುದು. ಬ್ಲೀಚಿನ ಹತ್ತಿರ ಅಮೋನಿಯಾ ತರಲೇಬಾರದು. ವಿಷದ ಗಾಳಿ ಏಳುತ್ತದೆ.

ಸ್ಕ್ರೂ ಇಡುವುದೆಲ್ಲಿ? ಮೊದಲು ನಾನು ಇಡ್ಲಿ ತಟ್ಟೆ ಹಿಡಿದೆ. ಬಿಚ್ಚಿದ ಕ್ರಮದಲ್ಲಿ ಒಂದೊಂದು ಗುಳಿಯಲ್ಲಿ ಒಂದೊಂದು ಹಂತದ ಸ್ಕ್ರೂ. ಬುದ್ಧಿವಂತಿಕೆ ಅಂದುಕೊಂಡೆ. ಇಡ್ಲಿ ತಟ್ಟೆಯ ತಳದಲ್ಲಿ ಆವಿಗೆ ತೂತು ಇರುತ್ತದೆ ಎಂಬುದು ಮೂರು ಸ್ಕ್ರೂ ಮಾಯವಾದ ಮೇಲೆ ಹೊಳೆಯಿತು. ಆಮೇಲೆ ಅಪ್ಪದ ಕಾವಲಿಗೆ ಬಂದೆ. ಏಳು ಗುಳಿ, ತೂತಿಲ್ಲ, ಭಾರ ಇರುವುದರಿಂದ ಕೈ ತಾಗಿದರೂ ಮಗುಚುವುದಿಲ್ಲ. ಹೆಂಡತಿ ಮೊದಲ ದಿನ, "ನಿಮ್ಮ ಕಸುಬಿಗೆ ನನ್ನ ಕಾವಲಿಯೇ ಆಗ್ಬೇಕಾ ಮಾರಾಯ್ರೆ?" ಅಂದಳು. ಈಗ ನನಗೆ ಬೇರೆಯದೇ ಕಾವಲಿ ಇದೆ. ಇಗೋ, ಇದೇ.

ಇನ್ನು ಕೆಲಸ. ಕಲಿಯುವವರು ಎನ್‌ಲಾರ್ಜರ್ ಲೆನ್ಸಿನಿಂದಲೇ ಶುರು ಮಾಡಿ. ಇದರಲ್ಲಿ ಫೋಕಸ್ ಮಾಡುವ ತಿರುಪು ಇಲ್ಲ, ಆ ಕೆಲಸ ಎನ್‌ಲಾರ್ಜರ್ ಮಾಡುತ್ತದೆ. ಒಂದು ಕೊಳವೆ, ನಡುವೆ ಅಪರ್ಚರ್ (ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಕಿಂಡಿ), ಅದರ ಮುಂದೆ ಹಿಂದೆ ಗಾಜು. ಕೋಣೆಯ ಫ್ಯಾನ್ ಆರಿಸಿ. ಮೇ ತಿಂಗಳಲ್ಲಿ ಬೇಡ, ಹಣೆಯ ಬೆವರು ನೇರ ಗಾಜಿಗೇ ಬೀಳುತ್ತದೆ. ಜುಲೈಯಲ್ಲಂತೂ ಬೇಡವೇ ಬೇಡ, ಆ ಒದ್ದೆ ಗಾಳಿಯನ್ನೇ ಒಳಗೆ ಮುಚ್ಚಿಟ್ಟ ಹಾಗಾಗುತ್ತದೆ. ಡಿಸೆಂಬರ್, ಜನವರಿ ನಮ್ಮ ಊರಿಗೆ ಒಳ್ಳೆಯದು. ಕೆಳಗೆ ಬಿಳಿ ಬಟ್ಟೆ ಹಾಸಿದ ಅಗಲವಾದ ಟ್ರೇ. ಒಂದೊಂದು ಹಂತಕ್ಕೂ ಮೊಬೈಲಿನಲ್ಲಿ ಒಂದು ಫೋಟೋ.

ರಿಂಗ್ ತಿರುಗದಿದ್ದರೆ ಬಲ ಹಾಕಬೇಡಿ. ಕಾರ್ಖಾನೆಯಲ್ಲಿ ತಿರುಪಿಗೆ ಒಂದು ತೊಟ್ಟು ವಾರ್ನಿಶ್ ಹಾಕಿರುತ್ತಾರೆ. ಸೂಜಿಯ ತುದಿಯಲ್ಲಿ ಆಲ್ಕೊಹಾಲ್ ಮುಟ್ಟಿಸಿ, ಚಹಾ ಕುಡಿದು ಬನ್ನಿ. ನೋಡಿ, ಈಗ ತಿರುಗಿತು.

ಈ ಲೆನ್ಸಿನಲ್ಲಿ ಮೂರು ಗುಂಪಿನಲ್ಲಿ ನಾಲ್ಕು ಗಾಜು. ಮುಂದೆ ಒಂದು, ಅದರ ಹಿಂದೆ ಇನ್ನೊಂದು, ಆಮೇಲೆ ಅಪರ್ಚರ್, ಕೊನೆಗೆ ಅಂಟಿಸಿದ ಜೋಡಿ. 1902ರಲ್ಲಿ ಪಾಲ್ ರುಡಾಲ್ಫ್ ಜೈಸ್‌ನಲ್ಲಿ ಮಾಡಿದ ಟೆಸ್ಸಾರ್ ಎಂಬ ಲೆನ್ಸಿನ ನಕ್ಷೆ ಇದೇ. ಎಷ್ಟೋ ಹಳೆ ಕ್ಯಾಮೆರಾಗಳಲ್ಲೂ ಇದೇ. ಇದನ್ನು ಕಲಿತರೆ ಹಳೆ ಸಾಮಾನಿನ ಅರ್ಧ ಚೋರ್ ಬಜಾರ್ ಕಲಿತ ಹಾಗೆ. ಈ ಲೆನ್ಸ್ ತಂದದ್ದೂ ಅಲ್ಲಿಂದಲೇ.

ಎರಡನೇ ಗಾಜಿನ ಹತ್ತಿರ ಸ್ವಲ್ಪ ನಿಲ್ಲೋಣ, ಯಾಕೆಂದರೆ ನಾನು ಬಿದ್ದದ್ದು ಇಲ್ಲೇ. ಅದು ಎರಡೂ ಕಡೆ ಒಳಕ್ಕೆ ಬಾಗಿದ ಗಾಜು. ಎರಡೂ ಮುಖ ಒಂದೇ ಥರ ಕಾಣುತ್ತವೆ, ಆದರೆ ಒಂದೇ ಥರ ಅಲ್ಲ. ದೊಡ್ಡಪ್ಪನ 50 ಮಿ.ಮೀ. ಲೆನ್ಸನ್ನು ತೊಳೆದು, ಒರೆಸಿ, ಹೆಮ್ಮೆಯಿಂದ ಜೋಡಿಸಿದೆ. ಎನ್‌ಲಾರ್ಜರ್‌ಗೆ ಹಾಕಿ ನೋಡಿದರೆ ಚಿತ್ರದ ನಡುವೆ ಪರವಾಗಿಲ್ಲ, ಅಂಚಿನಲ್ಲಿ ಎಲ್ಲರ ಮುಖವೂ ಮೇಣದ ಹಾಗೆ ಕರಗಿತ್ತು. ಎರಡನೇ ಗಾಜು ಹಿಂದುಮುಂದಾಗಿತ್ತು. ಯಾವ ಮುಖ ಯಾವ ಕಡೆ ಎಂದು ಗೊತ್ತು ಮಾಡುವುದು ಹೇಗೆ? ಟ್ಯೂಬ್‌ಲೈಟ್ ಕೆಳಗೆ ಗಾಜನ್ನು ಕನ್ನಡಿಯ ಹಾಗೆ ಹಿಡಿಯಿರಿ. ಜಾಸ್ತಿ ಬಾಗಿದ ಮುಖದಲ್ಲಿ ಟ್ಯೂಬ್‌ಲೈಟ್ ಸಣ್ಣದಾಗಿ ಕಾಣುತ್ತದೆ. ಕಡಿಮೆ ಬಾಗಿದ್ದರಲ್ಲಿ ಉದ್ದವಾಗಿ. ತೆಗೆಯುವ ಗಳಿಗೆಯಲ್ಲೇ ಯಾವುದು ಮುಂದಿತ್ತು ಎಂದು ಬರೆದಿಟ್ಟುಕೊಳ್ಳಬೇಕು. ಗಾಜಿನ ಅಂಚಿಗೆ ಪೆನ್ಸಿಲಿನಲ್ಲಿ ಒಂದು ಬಾಣದ ಗುರುತು ಹಾಕಿದರೆ ಇನ್ನೂ ಒಳ್ಳೆಯದು. ನಡುವೆ ಇರುವ ತೆಳು ರಿಂಗಿಗೂ ಹಾಕಿ. ಅದಕ್ಕೂ ಮುಖ, ಬೆನ್ನು ಇದೆ.

ಈಗ ತೊಳೆಯುವುದು. ಮೊದಲು ಬ್ಲೋವರ್‌ನಿಂದ ಗಾಳಿ. ಧೂಳು ಇರುವಾಗ ಒರೆಸಿದರೆ ಅದೇ ಮರಳು ಕಾಗದ. ಬಿಡಿ ಗಾಜಾದರೆ ಪ್ಲಾಸ್ಟಿಕ್ ಬೋಗುಣಿಯಲ್ಲಿ ಉಗುರು ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ. ನೀರೊಳಗೇ ಬೆರಳ ತುದಿಯಿಂದ ಸವರಿ. ಆಮೇಲೆ ಪೆರಾಕ್ಸೈಡ್ ಮದ್ದಿನಲ್ಲಿ ಹತ್ತಿ ಅದ್ದಿ ಗಾಜಿನ ಮೇಲೆ ಕೆಲವು ನಿಮಿಷ ಇಡಿ. ಉಜ್ಜುವುದಲ್ಲ, ಇಡುವುದು. ನಾವು ಜಿಡ್ಡಿನ ಬಾಣಲೆ ನೆನೆಹಾಕುವುದಿಲ್ಲವೇ, ಹಾಗೆ. ಎತ್ತಿ ನೋಡಿದರೆ ಎಳೆಗಳು ಸಡಿಲವಾಗಿರುತ್ತವೆ. ಹೊಸ ಹತ್ತಿ, ನಡುವಿನಿಂದ ಸುರುಳಿಯಾಗಿ ಅಂಚಿಗೆ, ಒಂದೇ ಸಲ. ಅದನ್ನು ಬಿಸಾಡಿ ಮತ್ತೊಂದು. ಹತ್ತಿಯಲ್ಲಿ ಜಿಪುಣತನ ಮಾಡಬೇಡಿ. ಕೊನೆಗೆ ಬಟ್ಟಿ ಇಳಿಸಿದ ನೀರು, ಆಮೇಲೆ ಆಲ್ಕೊಹಾಲ್.

ಅಂಟಿಸಿದ ಜೋಡಿಯನ್ನು ನೆನೆಹಾಕಬಾರದು. ಹಳೆಯವುಗಳಲ್ಲಿ ಅಂಟು ಕೆನಡಾ ಬಾಲ್ಸಂ, ಅಂದರೆ ಒಂದು ಜಾತಿಯ ಫರ್ ಮರದ ರಾಳ. ಗಾಜಿನ ಹಾಗೆಯೇ ಬೆಳಕನ್ನು ಬಾಗಿಸುವ ಅಂಟು ಮರದಲ್ಲೇ ಸಿಕ್ಕಿತು ನೋಡಿ. ಆದರೆ ಅಂಚಿನಿಂದ ದ್ರಾವಕ ನುಗ್ಗಿದರೆ ರಾಳ ಬಿಡುತ್ತದೆ. ಆದ್ದರಿಂದ ಮುಖ ಮಾತ್ರ ಒರೆಸಿ. ಜೋಡಿಯ ಒಳಗೇ ಬೂಷ್ಟು ಹೋಗಿದ್ದರೆ, ಅಥವಾ ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ಗುಳ್ಳೆ ಕಂಡರೆ, ಅಲ್ಲಿಗೆ ಬಿಡಿ. ನಾನೂ ಬಿಡುತ್ತೇನೆ. ಇನ್ನೊಂದು ಗಮನ: ಗಾಜಿನ ಅಂಚಿಗೆ ಕಪ್ಪು ಬಣ್ಣ ಹಚ್ಚಿರುತ್ತಾರೆ, ಆಲ್ಕೊಹಾಲ್ ತಾಗಿದರೆ ಅದು ಕರಗಿ ಗಾಜಿನ ಮೇಲೆಲ್ಲ ಕಾಡಿಗೆ. ಅಸಿಟೋನ್ ಇನ್ನೂ ಜೋರು. ನನಗೆ ಒಮ್ಮೆ ಹೀಗಾಗಿ ಮತ್ತೆ ಇಂಡಿಯನ್ ಇಂಕ್ ಹಚ್ಚಿ ಒಣಗಿಸಬೇಕಾಯಿತು.

ಗಾಜು ಶುದ್ಧವಾಯಿತೋ ಇಲ್ಲವೋ ತಿಳಿಯುವುದಕ್ಕೆ ಯಂತ್ರ ಬೇಡ. ಹೀಗೆ, ಬಾಯಿ ಅಗಲಿಸಿ ನಿಧಾನವಾಗಿ ಹಾ ಎಂದು ಉಸಿರು ಬಿಡಿ. ಗಾಜಿನ ಮೇಲೆ ಹಬೆ ಕೂರುತ್ತದೆ. ಶುದ್ಧವಾಗಿದ್ದರೆ ಹಬೆ ಒಂದೇ ಸಮ, ಅಂಚಿನಿಂದ ನಡುವಿಗೆ ಒಂದೇ ಸಮನಾಗಿ ಆರುತ್ತದೆ. ಜಿಡ್ಡು ಉಳಿದಿದ್ದರೆ ಆ ಜಾಗದಲ್ಲಿ ಹಬೆ ಒಡೆದು ನಕ್ಷೆ ಕಾಣುತ್ತದೆ. ಬೂಷ್ಟು ಗಾಜನ್ನು ಕೊರೆದಿದ್ದರೆ, ಒರೆಸಿ ಮುಗಿದ ಮೇಲೂ ಹಬೆಯಲ್ಲಿ ಆ ಎಳೆಗಳ ನೆರಳು ಏಳುತ್ತದೆ. ಹಬೆ ಆರಿದೊಡನೆ ಮಾಯ. ಮುಂದಿನ ಸಾಲಿನವರು ನೋಡಿ, ಇಲ್ಲಿ, ಗಡಿಯಾರದ ಎರಡು ಗಂಟೆಯ ಜಾಗದಲ್ಲಿ. ಕಂಡಿತಾ? ಅದು ಇನ್ನು ಹೋಗುವುದಿಲ್ಲ. ಹೋಗಿಸಬೇಕು ಅಂದರೆ ಪಾಲಿಶ್ ಹಾಕಬೇಕು. 75 ಮಿ.ಮೀ. ಲೆನ್ಸಿಗೆ ಆದದ್ದೇ ಆಗುತ್ತದೆ. ಇರಲಿ ಬಿಡಿ. ಪ್ರಿಂಟಿನಲ್ಲಿ ಇದು ಕಾಣುವುದಿಲ್ಲ.

ದೊಡ್ಡಪ್ಪನ 50 ಮಿ.ಮೀ. ಲೆನ್ಸಿನಲ್ಲೂ ಹೀಗೆ ಎರಡು ಎಳೆ ಉಳಿದಿವೆ. ಗಾಜನ್ನು ಸರಿಯಾಗಿ ತಿರುಗಿಸಿ ಹಾಕಿದ ಮೇಲೆ ಅವರದೇ ಒಂದು ಹಳೆ ಮದುವೆ ನೆಗೆಟಿವ್ ಪ್ರಿಂಟ್ ಮಾಡಿ ತೋರಿಸಿದೆ. ಮಲ್ಲಿಗೆ ಬೆಳ್ಳಗೆ ಬಂದಿತ್ತು. ಅವರು ಬಹಳ ಹೊತ್ತು ನೋಡಿ, "ಪೇಪರ್ ಯಾವುದು?" ಅಂತ ಕೇಳಿದರು.

ಕ್ಯಾಮೆರಾ ಲೆನ್ಸಿನ ಬಗ್ಗೆ. ಅಲ್ಲಿ ಹೊಸ ಕಷ್ಟ ಅಂದರೆ ಹೆಲಿಕಾಯ್ಡ್, ಫೋಕಸ್ ಮಾಡಲು ಒಂದರೊಳಗೊಂದು ತಿರುಗುವ ಹಿತ್ತಾಳೆಯ ಅಥವಾ ಅಲ್ಯೂಮಿನಿಯಂ ತಿರುಪು. ಬಾಟಲಿ ಮುಚ್ಚಳದ ಹಾಗೆ ಒಂದೇ ಎಳೆಯಲ್ಲ, ಹಲವು ಎಳೆಗಳು ಬೇರೆ ಬೇರೆ ಜಾಗದಿಂದ ಶುರುವಾಗುತ್ತವೆ. ಬಿಚ್ಚುವಾಗ ಎರಡು ಭಾಗ ಎಲ್ಲಿ ಕಳಚಿಕೊಂಡವು ಎಂದು ಗುರುತು ಹಾಕದಿದ್ದರೆ ಮತ್ತೆ ಜೋಡಿಸುವಾಗ ತಪ್ಪು ಎಳೆಗೆ ಸೇರುತ್ತದೆ. ಎಲ್ಲ ಸರಿಯಾಗಿ ತಿರುಗುತ್ತದೆ, ದೂರದ್ದು ಮಾತ್ರ ಫೋಕಸ್ ಆಗುವುದಿಲ್ಲ. ನನ್ನ ಮೊದಲನೆಯದು ಹೀಲಿಯಾಸ್ 44-2, ಜೆನಿಟ್ ಕ್ಯಾಮೆರಾದ ಜೊತೆ ಬರುತ್ತಿದ್ದ ರಷ್ಯದ 58 ಮಿ.ಮೀ. ಲೆನ್ಸ್. ಗಟ್ಟಿ, ಸರಳ, ಕಲಿಯುವವರ ತಪ್ಪು ಕ್ಷಮಿಸುವ ಲೆನ್ಸ್. ಆದರೂ ಮೂರು ಸಂಜೆ ಕೂತೆ. ಕೊನೆಗೆ ಫಿಲ್ಮ್ ಇರುವ ಜಾಗಕ್ಕೆ ಟ್ರೇಸಿಂಗ್ ಪೇಪರ್ ಅಂಟಿಸಿ, ಶಟರ್ ತೆರೆದಿಟ್ಟು, ಮಾಹಿಮ್‌ನ ಗೆಳೆಯರೊಬ್ಬರ ಟೆರೇಸಿನಿಂದ ದೂರದ ಸೀ ಲಿಂಕ್ ಸೇತುವೆಯ ಕಂಬಗಳ ಕಡೆ ಹಿಡಿದು ನೋಡಿ ಸರಿ ಮಾಡಿದೆ.

ತಿರುಪಿನ ಹಳೆ ಗ್ರೀಸನ್ನು ಲೈಟರ್ ಫ್ಲೂಯಿಡ್‌ನಲ್ಲಿ ತೊಳೆದು ಹೊಸದು ಹಚ್ಚಬೇಕು. ಲೆನ್ಸಿನ ಗ್ರೀಸೇ ಆಗಬೇಕು, ಅದೂ ಚೂರೇ ಚೂರು. ನಮ್ಮ ಗೆಳೆಯರೊಬ್ಬರು ಮನೆಯಲ್ಲಿದ್ದ ತೆಂಗಿನೆಣ್ಣೆ ಹಾಕಿದರು. ಮುಂಬಯಿಯಲ್ಲಿ ಬೆಣ್ಣೆಯ ಹಾಗೆ ತಿರುಗುತ್ತಿತ್ತಂತೆ. ಜನವರಿಯಲ್ಲಿ ಮಹಾಬಲೇಶ್ವರಕ್ಕೆ ಹೋದರು. ತೆಂಗಿನೆಣ್ಣೆ 24 ಡಿಗ್ರಿ ಹತ್ತಿರ ಗಟ್ಟಿಯಾಗುತ್ತದೆ ಅಲ್ವಾ? ಬೆಳಗಿನ ಚಳಿಗೆ ಫೋಕಸ್ ರಿಂಗ್ ಕಲ್ಲು. ಕಂಕುಳಲ್ಲಿ ಇಟ್ಟುಕೊಂಡು ಬಿಸಿ ಮಾಡಿ ಫೋಟೋ ತೆಗೆದರಂತೆ. ಅಪರ್ಚರ್‌ನ ಎಲೆಗಳಿಗಂತೂ ಯಾವ ಎಣ್ಣೆಯೂ ಬೇಡ. ಅವು ಒಣಗಿದ್ದರೇ ಆರೋಗ್ಯ.

ಜೂಮ್ ಲೆನ್ಸ್, ಆಟೋಫೋಕಸ್ ಲೆನ್ಸ್ ಮನೆಯಲ್ಲಿ ಬಿಚ್ಚಬೇಡಿ. ಹಳದಿ ಬಣ್ಣಕ್ಕೆ ತಿರುಗಿದ ಹಳೆ ಟಕುಮಾರ್ (ಪೆಂಟಾಕ್ಸ್ ಕ್ಯಾಮೆರಾದ ಲೆನ್ಸ್) 50 ಮಿ.ಮೀ. ಎಫ್ 1.4 ಸಿಕ್ಕರೆ ಅದು ಕೊಳೆಯಲ್ಲ. ಗಾಜಿನಲ್ಲೇ ಥೋರಿಯಂ ಇದೆ, ಅದರ ವಿಕಿರಣಕ್ಕೆ ಗಾಜು ಹಳದಿಯಾಗಿದೆ. ಒರೆಸಿ ಪ್ರಯೋಜನವಿಲ್ಲ. ಕೆಲವು ವಾರ ಬಿಸಿಲಿಗಿಟ್ಟರೆ ತಿಳಿಯಾಗುತ್ತದೆ. ಹಿಂದುಗಡೆ ಅಲ್ಯೂಮಿನಿಯಂ ಹಾಳೆ ಇಡಿ, ಇಲ್ಲದಿದ್ದರೆ ಭೂತಗನ್ನಡಿಯ ಕೆಲಸ ಮಾಡಿ ಪರದೆಗೆ ಬೆಂಕಿ ಹತ್ತೀತು.

ತೊಳೆದದ್ದನ್ನು ಇಡುವುದು ಹಪ್ಪಳದ ಡಬ್ಬದಲ್ಲಿ. ತಮಾಷೆಯಲ್ಲ. ಮಳೆಗಾಲದಲ್ಲಿ ಹಪ್ಪಳ ಮೆತ್ತಗಾಗದ ಡಬ್ಬ ಯಾವುದೋ ಅದೇ ಲೆನ್ಸಿಗೂ ಸರಿ. ಒಳಗೆ ಸಿಲಿಕಾ ಜೆಲ್, ಒಂದು ಸಣ್ಣ ತೇವಮಾಪಕ. 40ರಿಂದ 50ರ ನಡುವೆ ಇದ್ದರೆ ನೆಮ್ಮದಿ. ನೀಲಿ ಜೆಲ್ ತೇವ ಕುಡಿದು ಗುಲಾಬಿಯಾಗುತ್ತದೆ, ಬಿಸಿ ಮಾಡಿದರೆ ಮತ್ತೆ ನೀಲಿ. ಆ ನೀಲಿ ಕೋಬಾಲ್ಟ್, ವಿಷ, ಅಡುಗೆಯ ಬಾಣಲೆಯಲ್ಲಿ ಹುರಿಯಬೇಡಿ. ಅಕ್ಕಿ ಹಾಕುವವರಿದ್ದಾರೆ. ಅಕ್ಕಿಯ ಹಿಟ್ಟು ಗಾಜಿಗೆ, ತೇವ ಅಲ್ಲೇ.

ಮಾತು ಮುಗಿದ ಮೇಲೆ ಒಬ್ಬ ತಾಯಿ ಮುಂದೆ ಬಂದರು. ಚೀಲದಿಂದ ಅಗ್ಫಾ ಕ್ಲಿಕ್ ಎಂಬ ಒಂದು ಹಳೆ ಕ್ಯಾಮೆರಾ ತೆಗೆದರು. ತೀರಿಹೋದ ತಂದೆಯದಂತೆ. "ಇದರ ಲೆನ್ಸ್ ತೊಳೆದು ಕೊಡ್ತೀರಾ?" ಅಂದರು. ಟಾರ್ಚ್ ಹಾಕಿ ನೋಡಿದೆ, ಲೆನ್ಸ್ ಮಬ್ಬಾಗಿತ್ತು. ಹಿಂದೆ ತಿರುಗಿಸಿದೆ. ಬೆನ್ನಿನ ಕೆಂಪು ಕಿಂಡಿಯಲ್ಲಿ 7 ಎಂಬ ಅಂಕಿ ಕಂಡಿತು. ಆ ಕ್ಯಾಮೆರಾದಲ್ಲಿ 120 ಫಿಲ್ಮಿಗೆ 12 ಚಿತ್ರ ಬರುತ್ತವೆ. ಒಳಗೆ ಅರ್ಧ ತೆಗೆದ ಫಿಲ್ಮ್ ಹಾಗೇ ಇದೆ.

ಲೆನ್ಸ್ ಮುಟ್ಟಲಿಲ್ಲ. ಕಿಂಡಿಗೆ ಕಪ್ಪು ಟೇಪ್ ಅಂಟಿಸಿ, "ಯಾರೂ ಹಿಂದಿನ ಮುಚ್ಚಳ ತೆಗೆಯಬೇಡಿ" ಎಂದು ಚೀಟಿ ಕಟ್ಟಿ ಮನೆಗೆ ತಂದಿದ್ದೇನೆ. ಈ ಶನಿವಾರ ರಾತ್ರಿ ಮೋರಿಯ ದೀಪ ಆರಿಸಿ ಫಿಲ್ಮ್ ಹೊರಗೆ ತೆಗೆಯಬೇಕು.